ಸಣ್ಣತಾಯಮ್ಮನಿಗೆ ಬರೆದ ಕಣ್ಣು

ಹರದನಹಳ್ಳಿಯ ಸೋಮಮ್ಮ ಲೋಕ ನೋಡಿದ್ದೆಲ್ಲ ನೀರಿನೊಳಗೆ. ಅವಳ ಗಂಡ ಮರಿಮಲ್ಲಪ್ಪ ಯುದ್ಧಕಾಲದಲ್ಲಿ ಮಿಲಿಟರಿ ಸೇರಿ ಅಲ್ಲಿ ಫೋಟೋ ತೆಗೆಯುವವನಾಗಿದ್ದ. ಬರ್ಮಾ ಗಡಿಯ ಕೆಸರು ರಸ್ತೆ, ಮುರಿದ ಸೇತುವೆ, ಮಗುಚಿ ಬಿದ್ದ ಲಾರಿ, ಗುರುತು ಸಿಗಲೆಂದು ಸಾಲಾಗಿ ಮಲಗಿಸಿದ ಸತ್ತ ಸಿಪಾಯಿಗಳು, ಇವನ್ನೆಲ್ಲ ತೆಗೆದು ತೆಗೆದು, ಯುದ್ಧ ಮುಗಿದ ಮೇಲೆ ಒಂದು ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಒಂದು ತಗಡಿನ ಟ್ರಂಕು ಹೊತ್ತು ಊರಿಗೆ ಬಂದ. ಬಂದವನಿಗೆ ಹೊಲದ ಕಡೆ ಕಾಲು ತಿರುಗಲಿಲ್ಲ. ಬೇಸಾಯವನ್ನು ತಮ್ಮ ಗುರುಮಲ್ಲಯ್ಯನಿಗೆ ಬಿಟ್ಟು ತಾನು ಬಸ್ಸು ಹತ್ತಿ, ಗಾಡಿ ಹತ್ತಿ, ಕೆಲವು ಸಲ ಬರಿಗಾಲಲ್ಲೇ ತಿರುಗುತ್ತಿದ್ದ. ಪುಣಜನೂರಿನ ಕಾಡಂಚಿನಲ್ಲಿ ಬಿದಿರಿನ ಗಾಡಿ, ಸಂತೆಮರಹಳ್ಳಿಯ ಸಂತೆಯಲ್ಲಿ ವೀಳ್ಯದೆಲೆಯ ಕಟ್ಟು, ಗುಂಡ್ಲುಪೇಟೆ ರಸ್ತೆಯಲ್ಲಿ ಮಂಜಿನೊಳಗಿಂದ ಮೂತಿ ಚಾಚಿದ ಬಸ್ಸು, ಚಾಮರಾಜನಗರದಲ್ಲಿ ರೇಷ್ಮೆಗೂಡಿನ ಕುಕ್ಕೆಗೆ ಒರಗಿ ನಿದ್ದೆಹೋದ ಮುದುಕ, ಎಲ್ಲವೂ ಆ ಟ್ರಂಕಿಗೆ ಬಂದು ಸೇರುತ್ತಿದ್ದವು.

ಕಣಜದ ಕೋಣೆಯ ಕಿಟಕಿಗೆ ಕರಿಕಂಬಳಿ ಹೊದಿಸಿ ಅವನು ಫೋಟೋ ತೊಳೆಯುತ್ತಿದ್ದ. ತೊಳೆಯುತ್ತಿದ್ದ ಎಂದು ಊರವರು ಹೇಳುತ್ತಿದ್ದರು, ನಿಜವಾಗಿ ತೊಳೆಯುತ್ತಿದ್ದವಳು ಸೋಮಮ್ಮ. ಔಷಧಿಯಿಂದ ಎದ್ದ ಕಾಗದವನ್ನು ನೀರು ಬದಲಿಸಿ ಬದಲಿಸಿ ಅದ್ದಬೇಕು. ಇಲ್ಲದಿದ್ದರೆ ಮುಖಗಳು ಹಳದಿ ತಿರುಗಿ ಅಳಿಸಿಹೋಗುತ್ತವೆ. ಆ ನೀರು ಬೀದಿಯ ಸೇದುವ ಬಾವಿಯಿಂದ ಸೊಂಟದ ಮೇಲೆ ಬರಬೇಕಿತ್ತು. ದನಕ್ಕೆ, ಅಡಿಗೆಗೆ, ಸ್ನಾನಕ್ಕೆ ಹೊತ್ತು ಮುಗಿದ ಮೇಲೆ ಫೋಟೋಗೆ ಹೊರುವ ಸರದಿ.

"ಅಮ್ಮಿ, ನಾನು ಎಷ್ಟು ದಾರಿ ತಿರುಗಿದೆ ಗೊತ್ತಾ? ತಲೆ ಮ್ಯಾಲೆ ಏನೂ ಇಲ್ದೆ ಬರಿಗೈಲಿ ನಡೆಯೋ ಎಂಗಸ ಒಬ್ಬಳನ್ನೂ ನಾ ನೋಡ್ನಿಲ್ಲ," ಎಂದು ಅವನೊಮ್ಮೆ ಟ್ರೇ ಅಲ್ಲಾಡಿಸುತ್ತಾ ಹೇಳಿದ. ಅದು ಅವನ ಪಾಲಿಗೆ ದೊಡ್ಡ ಕಾಣ್ಕೆ.

"ಔದಾ?" ಎಂದಳು ಸೋಮಮ್ಮ. "ಆ ಕೊಡ ಸ್ವಲ್ಪ ಇಳುಕಿ ಮತ್ತೆ."

ಮನೆಯಲ್ಲಿ ಅವಳ ಅತ್ತೆ ದೊಡ್ಡಮಲ್ಲಮ್ಮ, ಅಣ್ಣತಮ್ಮಂದಿರಿಬ್ಬರು, ಇಬ್ಬರು ಸೊಸೆಯರು. ಗುರುಮಲ್ಲಯ್ಯನ ಹೆಂಡತಿ ಸಣ್ಣತಾಯಮ್ಮ ಗುಂಡ್ಲುಪೇಟೆ ಕಡೆಯವಳು. ಮದುವೆಯಾಗಿ ಬಂದ ಮಾರನೆಯ ಬೆಳಗ್ಗೆಯೇ ಬೀಸುವ ಕಲ್ಲಿನ ಆಚೆ ಬದಿಗೆ ಕೂತು ಗೂಟಕ್ಕೆ ಕೈ ಹಾಕಿದ್ದಳು. ಅಂದಿನಿಂದ ಆ ಮನೆಯ ರಾಗಿಯೆಲ್ಲ ಈ ಇಬ್ಬರ ಕೈಯಲ್ಲಿ ಹಿಟ್ಟಾಗುತ್ತಿತ್ತು. ಒಬ್ಬಳು ಎಳೆದರೆ ಇನ್ನೊಬ್ಬಳು ನೂಕುವುದು. ಕೊಟ್ಟಿಗೆ ಬಾಚುವುದು ಒಬ್ಬಳು, ಬೆರಣಿ ತಟ್ಟುವುದು ಇನ್ನೊಬ್ಬಳು. ಒಬ್ಬಳು ಮುದ್ದೆ ತಿರುವಿದರೆ ಇನ್ನೊಬ್ಬಳು ಬುತ್ತಿ ಹೊರುವುದು. ಓರಗಿತ್ತಿಯರ ನಡುವೆ ಜಗಳವಾಡಲು ಪುರುಸೊತ್ತೇ ಇರಲಿಲ್ಲ.

ಮರಿಮಲ್ಲಪ್ಪ ಮನೆಯ ಫೋಟೋಗಳನ್ನೂ ತೆಗೆಯುತ್ತಿದ್ದ. ಒಳಮನೆಯ ಮಬ್ಬಿನಲ್ಲಿ ಕ್ಯಾಮೆರಾದ ಕಣ್ಣನ್ನು ಒಂದಷ್ಟು ಹೊತ್ತು ತೆರೆದೇ ಇಡಬೇಕಿತ್ತು. "ಅಲ್ಲಾಡಬ್ಯಾಡಿ" ಎಂದು ಕೂಗುತ್ತಿದ್ದ. ಗಂಡಸರು ಮೀಸೆ ತಿರುವಿ ಕಲ್ಲಿನಂತೆ ನಿಲ್ಲುತ್ತಿದ್ದರು. ಹೆಂಗಸರನ್ನು ಯಾರೂ ಕೆಲಸ ಬಿಟ್ಟು ಬನ್ನಿ ಎಂದು ಕರೆಯುತ್ತಿರಲಿಲ್ಲ. ಅವರು ಹಿಂದೆ ಮುಂದೆ ಓಡಾಡುತ್ತಲೇ ಇರುತ್ತಿದ್ದರು. ಕಾಗದ ಔಷಧಿ ನೀರಿಗೆ ಬಿದ್ದಾಗ ಕಂಬ ಬರುತ್ತಿತ್ತು, ಗಂಡಸರು ಬರುತ್ತಿದ್ದರು, ಒನಕೆ, ಕೊಡ, ಪೊರಕೆ ಎಲ್ಲ ಗೆರೆ ಕೊರೆದಂತೆ ಬರುತ್ತಿದ್ದವು. ಹೆಂಗಸರಿದ್ದ ಕಡೆ ಮಾತ್ರ ಹಸಿ ಸೌದೆಯ ಹೊಗೆ ಸುಳಿದಂತೆ ಏನೋ ಒಂದು ಬೆಳ್ಳಗೆ ಎಳೆದುಕೊಂಡಿರುತ್ತಿತ್ತು.

ಸಣ್ಣತಾಯಮ್ಮ ಮೊದಲ ಸಲ ಅದನ್ನು ನೋಡಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದಳು. "ಅಕ್ಕಾ, ನೋಡಿಲ್ಲಿ. ನಾನು ಸಾಯೋಕ್ ಮುಂಚೇನೇ ನನ್ ದೆವ್ವ ಬಂದ್ಬುಟ್ಟದೆ."

"ಬುಡ್ತು ಅನ್ನು," ಎಂದು ಸೋಮಮ್ಮ ಅವಳ ತಲೆಗೆ ಮೊಟಕಿದ್ದಳು.

ಐವತ್ಮೂರನೆಯ ಇಸವಿಯ ಕಾರ್ತಿಕದಲ್ಲಿ, ಬಾವಿಕಟ್ಟೆಯ ಮೇಲೆ, ಎರಡು ಕೊಡದ ನಡುವೆ ಸಣ್ಣತಾಯಮ್ಮ ಕುಸಿದು ಕೂತಳು. ಏಳು ತಿಂಗಳ ಬಸುರು ಅಲ್ಲೇ ಇಳಿದುಹೋಯಿತು. ಹೊತ್ತು ನೆತ್ತಿಗೆ ಬರುವುದರೊಳಗೆ ಅವಳೂ ಹೋದಳು. ಗುಂಡ್ಲುಪೇಟೆ ಕಡೆಗೆ ಸುದ್ದಿ ಹಿಡಿದು ಆಳು ಹೊರಟ. ಆದರೆ ಅವನು ಹೋಗಿ, ಅವರು ಹೊರಟು, ತೆರಕಣಾಂಬಿಯ ಮೇಲಿಂದ ಬಸ್ಸು ಬರುವಷ್ಟರಲ್ಲಿ ರಾತ್ರಿಯಾಗುತ್ತದೆ, ಹೊತ್ತು ಮುಳುಗುವ ಮುಂಚೆ ಮಣ್ಣು ಮಾಡಬೇಕು ಎಂದು ಹಿರಿಯರು ತೀರ್ಮಾನಿಸಿದರು.

ಅವರ ಪದ್ಧತಿಯಂತೆ ಹೆಣವನ್ನು ಮೀಯಿಸಿ, ಹಣೆಗೆ, ತೋಳಿಗೆ ವಿಭೂತಿ ಬಳಿದು, ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿಸಿ ಕೂರಿಸಿದರು. ಎಡ ಅಂಗೈಯಲ್ಲಿ ಅವಳ ಇಷ್ಟಲಿಂಗವನ್ನಿಟ್ಟರು. ಆಗ ಗುರುಮಲ್ಲಯ್ಯ ಅಳುತ್ತಾ, "ಅಣ್ಣ, ಅವಳ್ದು ಒಂದಾದ್ರೂ ಪಟ ತಗಿ. ಒಂದೂ ಇಲ್ಲ ಕನಾ," ಎಂದ. ಮರಿಮಲ್ಲಪ್ಪ ಸ್ಟ್ಯಾಂಡು ತಂದು ನಿಲ್ಲಿಸಿದ. ಗದ್ದಕ್ಕೆ ಕಟ್ಟಿದ ಬಟ್ಟೆ ಬಿಚ್ಚಿದರೆ ತಲೆ ವಾಲುತ್ತಿತ್ತು. ಹೆಣವನ್ನು ಗೋಡೆಯಿಂದ ಮುಂದಕ್ಕೆ ಸರಿಸಿ, ಹಿಂದೆ ಒಂದು ಜಮಖಾನ ಇಳಿಬಿಟ್ಟು ಅದರ ಮರೆಯಲ್ಲಿ ಸೋಮಮ್ಮನನ್ನು ಕೂರಿಸಿದರು. ಅವಳು ಬಟ್ಟೆಯ ಈಚೆಯಿಂದ ಓರಗಿತ್ತಿಯ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಬೆಳಗ್ಗೆ ಗೂಟದ ಮೇಲೆ ತನ್ನ ಕೈಗೆ ತಾಗಿದ ಮೈ ಈಗ ಬಾವಿಯ ಹಗ್ಗದಷ್ಟು ತಣ್ಣಗಿತ್ತು.

"ಅಲ್ಲಾಡಬ್ಯಾಡಿ," ಎಂದ ಮರಿಮಲ್ಲಪ್ಪ, ಅಭ್ಯಾಸಬಲದಿಂದ.

ಆ ಫೋಟೋ ತೊಳೆದವಳೂ ಸೋಮಮ್ಮನೇ. ಔಷಧಿ ನೀರಿನಲ್ಲಿ ಸಣ್ಣತಾಯಮ್ಮ ಮೆಲ್ಲಗೆ ಎದ್ದು ಬಂದಳು. ಕಿವಿಯ ಓಲೆ, ಕೈಯ ಬಳೆ, ಸೀರೆಯ ಅಂಚಿನ ಒಂದೊಂದು ಚೌಕುಳಿ ಸ್ಪಷ್ಟವಾಗಿತ್ತು. ಆ ಮನೆಗೆ ಬಂದ ಮೇಲೆ ಅವಳು ಪೂರ್ತಿಯಾಗಿ ಮೂಡಿಬಂದದ್ದು ಅದೊಂದೇ ಸಲ.

ಫೋಟೋವನ್ನು ದೊಡ್ಡದು ಮಾಡಿ ರಟ್ಟಿಗೆ ಅಂಟಿಸಿದರು. ಆದರೆ ದೊಡ್ಡಮಲ್ಲಮ್ಮ ಒಪ್ಪಲಿಲ್ಲ. "ಕಣ್ಣು ಮುಚ್ಚಿರೋದ ಗ್ವಾಡೆಗೆ ತಗುಲಾಕಿದ್ರೆ ಅಟ್ಟಿಗೆ ಒಳ್ಳೇದಲ್ಲ. ಪ್ಯಾಟೇಲಿ ಕಣ್ಣು ಬರ್ದು ಕೊಡ್ತಾರಂತಲ್ಲ, ನೀನೂ ಬರಿ." ಮರಿಮಲ್ಲಪ್ಪ ಸಣ್ಣ ಕುಂಚ, ಕರಿ ಬಣ್ಣ, ಬಿಳಿ ಬಣ್ಣ ನೀರಲ್ಲಿ ಕಲಸಿಟ್ಟುಕೊಂಡು ಕೂತ. ಕುಂಚ ಅದ್ದಿ, ಒರೆಸಿ, ಮತ್ತೆ ಅದ್ದಿದ. ಆ ಮನೆಯಲ್ಲಿ ಕಿರಿ ಸೊಸೆ ಭಾವನ ಮುಂದೆ ತಲೆಯೆತ್ತುವಂತಿರಲಿಲ್ಲ. ಅವನು ಬಂದರೆ ಸಣ್ಣತಾಯಮ್ಮ ಸೆರಗು ಎಳೆದು ನೆಲ ನೋಡುತ್ತಿದ್ದಳು. ಊರೂರು ಸುತ್ತಿ ಸಿಕ್ಕಿದವರ ಮುಖವನ್ನೆಲ್ಲ ಹಿಡಿದವನಿಗೆ ತನ್ನ ಮನೆಯ ಆ ಹೆಣ್ಣಿನ ಕಣ್ಣು ಹೇಗಿದ್ದವೆಂದು ಗೊತ್ತಿರಲಿಲ್ಲ. ಕೊನೆಗೆ ತಲೆ ತಗ್ಗಿಸಿ ಬರೆದು ಮುಗಿಸಿದ.

ಫೋಟೋವನ್ನು ಪಡಸಾಲೆಯ ಕಂಬದ ಪಕ್ಕ ತೂಗುಹಾಕಿದರು. ಗಾಜು ಹಾಕಿಸುವುದು ಇನ್ನೂ ಆಗಿರಲಿಲ್ಲ. ಸೋಮಮ್ಮ ಧೂಳು ಹೊಡೆಯಲೆಂದು ಹತ್ತಿರ ಹೋದವಳು ಅಲ್ಲೇ ನಿಂತಳು. ಎಡಗಣ್ಣಿನ ರೆಪ್ಪೆ ಒಂದಿಷ್ಟು ಇಳಿದಿತ್ತು. ಹುಬ್ಬಿನ ಕೊನೆ ಮೇಲಕ್ಕೆ ತಿರುಗಿತ್ತು. ಕುಂಕುಮ ಇಡುವಾಗ ಕನ್ನಡಿಯಲ್ಲಿ ದಿನವೂ ಕಾಣುವ ಕಣ್ಣುಗಳು. ಸತ್ತವಳ ಮುಖದೊಳಗಿಂದ ಸೋಮಮ್ಮನನ್ನು ಸೋಮಮ್ಮನೇ ನೋಡುತ್ತಿದ್ದಳು.

ಗಂಡನನ್ನು ಕೇಳಿದಳು. ಅವನು ಮೊದಲು ನಕ್ಕ, ಆಮೇಲೆ ಮುಖ ತಪ್ಪಿಸಿದ. "ನಂಗೆ ಗೊತ್ತಿರೋದು ನಿನ್ ಕಣ್ಣೊಂದೇ ಕಣಮ್ಮಿ. ಕೈಗೆ ಅವೇ ಬಂದ್ವು. ಯಾರಿಗೆ ತಿಳೀತದೆ ಬುಡು."

ಅಂದಿನಿಂದ ಸೋಮಮ್ಮನಿಗೆ ಮಧ್ಯಾಹ್ನಗಳು ಕಷ್ಟವಾದವು. ಗಂಡಸರು ಹೊಲಕ್ಕೋ ಪೇಟೆಗೋ ಹೋಗಿ, ಅತ್ತೆ ಜಗಲಿಯಲ್ಲಿ ಒರಗಿ, ಬಿಸಿಲು ತೊಟ್ಟಿಯ ನಡುವೆ ಬಂದು ನಿಲ್ಲುವ ಹೊತ್ತಿನಲ್ಲಿ ಅವಳು ಒಬ್ಬಳೇ ಬೀಸಲು ಕೂರುತ್ತಿದ್ದಳು. ಇಬ್ಬರ ಕಲ್ಲು ಒಬ್ಬಳ ತೋಳಿಗೆ ಭಾರ. ಆದರೆ ಸ್ವಲ್ಪ ಹೊತ್ತು ಬೀಸಿದ ಮೇಲೆ, ಕಲ್ಲು ಆಚೆ ಬದಿಗೆ ತಿರುಗುವಾಗ, ಭಾರ ತಪ್ಪುತ್ತಿತ್ತು. ಯಾರೋ ನೂಕಿದಂತೆ. ಅವಳು ತಲೆಯೆತ್ತುತ್ತಿರಲಿಲ್ಲ. ಎತ್ತಿದರೆ ಕಂಬದ ಪಕ್ಕದಿಂದ ಆ ಕಣ್ಣುಗಳು. ಮುದ್ದೆಗೆ ಎಸರಿಟ್ಟರೂ, ಉಂಡ ಗಂಗಳ ಬೆಳಗಿದರೂ ಬೆನ್ನ ಮೇಲೆ ಅವು ಇದ್ದೇ ಇರುತ್ತಿದ್ದವು. ಅವಳಿಗೆ ದೆವ್ವದ ಹೆದರಿಕೆ ಅಷ್ಟಿರಲಿಲ್ಲ. ತಾನು ಯಾವ ಕಡೆ ಇದ್ದೇನೆ, ಗೋಡೆಯ ಮೇಲೋ ಕೆಳಗೋ ಎನ್ನುವುದು ಕೆಲವು ಸಲ ತಿಳಿಯುತ್ತಿರಲಿಲ್ಲ, ಹೆದರಿಕೆ ಅದಕ್ಕೆ.

ಎಳ್ಳು ಬೀರುವ ಹಬ್ಬ ಕಳೆದ ಮೇಲೆ ಸಣ್ಣತಾಯಮ್ಮನ ತಾಯಿ ಶಿವರುದ್ರಮ್ಮ ಬಂದಳು. ಜೊತೆಯಲ್ಲಿ ಕಿರಿ ಮಗಳು ಚಿಕ್ಕಬಸಮ್ಮ. ಅಕ್ಕ ಹೋದ ಮನೆಗೆ ತಂಗಿಯನ್ನು ಕೊಡುವ ಮಾತು ಮಣ್ಣಿನ ಹಸಿ ಆರುವ ಮೊದಲೇ ಎದ್ದಿತ್ತು. ಶಿವರುದ್ರಮ್ಮ ಇನ್ನೂ ಹ್ಞೂ ಅಂದಿರಲಿಲ್ಲ. ಮನೆ ನೋಡಿ ಹೇಳುತ್ತೇನೆ ಎಂದಿದ್ದಳು. ಮಗಳ ಮುಖ ಅವಳಿಗೆ ಸಿಕ್ಕಿರಲಿಲ್ಲ. ಅಂದು ರಾತ್ರಿ ಬಂದು ತಲುಪಿದಾಗ ಸಿಕ್ಕಿದ್ದು ಹಸಿ ಮಣ್ಣಿನ ದಿಬ್ಬ ಮಾತ್ರ.

ಪಡಸಾಲೆಗೆ ಕಾಲಿಟ್ಟವಳು ಫೋಟೋ ಎದುರು ನಿಂತು ಎರಡೂ ಕೈ ಎದೆಗೆ ಇಟ್ಟುಕೊಂಡಳು. ಅವರ ಊರಲ್ಲಿ ಫೋಟೋ ನೋಡಿದವರೇ ಕಡಿಮೆ, ಸತ್ತವರ ಫೋಟೋಗೆ ಕಣ್ಣು ಬರೆಯುತ್ತಾರೆಂದು ಅವಳು ಹೇಗೆ ತಿಳಿದಾಳು? ಅವಳಿಗೆ ಕಂಡದ್ದು ವಿಭೂತಿ, ಚಕ್ಕಳಮಕ್ಕಳ, ಅಂಗೈಯಲ್ಲಿ ಲಿಂಗ.

"ಪೂಜೆಗೆ ಕುಂತವಳೆ!" ಎಂದಳು. "ನೋಡು ಬಸಮ್ಮಿ, ನಿಮ್ಮಕ್ಕ. ನಮ್ಮಟ್ಟೀಲಿ ಒಂದಿನ ನೆಟ್ಟಗೆ ಲಿಂಗ ಪೂಜೆಗೆ ಕೂರೋಕೆ ಪುರುಸೊತ್ತು ಕೊಡ್ಲಿಲ್ಲ ನಾನು. ಇಲ್ಲಿ ರಾಣಿ ಅಂಗೆ ಕುಂತವಳೆ ನೋಡು." ಅವಳ ಕಣ್ಣಿಂದ ನೀರು ಇಳಿಯಿತು, ಮುಖ ಮಾತ್ರ ಅರಳಿತ್ತು. "ಬೀಗ್ತಿ, ದಿನಾ ಇಂಗೆ ಕುಂತ್ಕತಿದ್ಳಾ?"

ದೊಡ್ಡಮಲ್ಲಮ್ಮ ಕೆಟ್ಟವಳೇನಲ್ಲ. ಅಳುತ್ತಿರುವವಳಿಗೆ ಏನು ಹೇಳುವುದು ಎಂದುಕೊಂಡಳೋ, ಮನೆಗೆ ಸೊಸೆ ಬೇಕು ಎಂದುಕೊಂಡಳೋ, ಬಾಯಿಂದ "ಹ್ಞೂ ಕನ ಬೀಗ್ತಿ, ದಿನಾಲೂ" ಎಂದು ಬಂದುಬಿಟ್ಟಿತು. ಗುರುಮಲ್ಲಯ್ಯ ನೆಲ ನೋಡಿದ. ಮರಿಮಲ್ಲಪ್ಪ ಹೊರಗೆ ಹೋದ. ಸೋಮಮ್ಮ ಬೆಲ್ಲ, ನೀರು ತಂದಿಟ್ಟು ಒಳಗೆ ಹೋದಳು. ಶಿವರುದ್ರಮ್ಮ ಅಲ್ಲೇ ಒಪ್ಪಿದಳು.

ಮರುದಿನ ಬೆಳಗ್ಗೆ ಸೋಮಮ್ಮ ಬೀಸಲು ಕೂತಾಗ ಚಿಕ್ಕಬಸಮ್ಮ ಯಾರೂ ಹೇಳದೆ ಬಂದು ಎದುರಿಗೆ ಕೂತಳು. ಇನ್ನೂ ಹದಿನಾರು ತುಂಬದ ಹುಡುಗಿ. ಗೂಟದ ಮೇಲೆ ಅವಳ ಬೆಚ್ಚಗಿನ ಕೈ ಬಂತು. ಕಲ್ಲು ಗರಗರನೆ ತಿರುಗಿತು. ತಿಂಗಳುಗಟ್ಟಲೆ ಹಿಡಿದುಕೊಂಡಿದ್ದ ಹೆಗಲು ಸಡಿಲವಾಗಿ ಸೋಮಮ್ಮನಿಗೆ ಅಳುವೇ ಬಂದಂತಾಯಿತು. ಇರಲಿ, ಬರಲಿ ಎನಿಸಿತು. ನಾನೇನು ಸುಳ್ಳು ಹೇಳಿದೆನೆ? ನನ್ನನ್ನು ಯಾರು ಕೇಳಿದರು?

"ಅಕ್ಕಾ, ನಮ್ಮಕ್ಕ ಎಂಗೆ ಬೀಸ್ತಿದ್ಳು?" ಎಂದಳು ಹುಡುಗಿ.

"ನಿನ್ನಂಗೆ ಕಣಮ್ಮಿ."

ಹುಡುಗಿಗೆ ಖುಷಿಯಾಯಿತು. ಸೋಮಮ್ಮ ಸುರಿದ ರಾಗಿ ಅರ್ಧ ಕಲ್ಲಿನ ಹೊರಗೆ ಚೆಲ್ಲಿತು.

ಗಂಡಸರು ಜವಳಿ ತರಲು, ಅಯ್ಯನವರಲ್ಲಿ ದಿನ ಕೇಳಲು ಚಾಮರಾಜನಗರಕ್ಕೆ ಹೋದರು. ಊಟ ಮುಗಿದು ದೊಡ್ಡಮಲ್ಲಮ್ಮ ಜಗಲಿಯಲ್ಲಿ ಒರಗಿದಳು. ಚಿಕ್ಕಬಸಮ್ಮ ಹಿತ್ತಿಲಲ್ಲಿ ಗಂಗಳ ಬೆಳಗುತ್ತಿದ್ದಳು. ಶಿವರುದ್ರಮ್ಮ ಪಡಸಾಲೆಯಲ್ಲಿ ಫೋಟೋ ಕೆಳಗೇ ಕೂತು ಸೋಮಮ್ಮನನ್ನು ಕರೆದಳು.

"ಕೂಸೇ, ನಿನ್ ಗಂಡ ಅಷ್ಟೊಂದು ಪಟ ತಗೀತಾರಂತೆ. ನನ್ ಮಗಳದು ಇನ್ನೂ ಇರ್ಬೇಕಲ್ಲ? ತೋರ್ಸು."

ಸೋಮಮ್ಮ ಟ್ರಂಕು ಎಳೆದು ತಂದಳು. ಪುಣಜನೂರಿನ ಬಿದಿರು, ಸಂತೆಮರಹಳ್ಳಿಯ ಸಂತೆ ಎಲ್ಲ ಪಕ್ಕಕ್ಕೆ ಸರಿದು ಮನೆಯ ಫೋಟೋಗಳು ಬಂದವು. ಶಿವರುದ್ರಮ್ಮ ಒಂದೊಂದನ್ನೂ ಬೆಳಕಿಗೆ ಹಿಡಿದಳು. ಕಂಬ. ಎತ್ತು. ಗುರುಮಲ್ಲಯ್ಯನ ಮೀಸೆ. ಜಗಲಿಯ ಮೇಲೆ ನೆಂಟರು.

"ಇವಳೆಲ್ಲಿ?"

ಸೋಮಮ್ಮ ಬೆರಳಿಟ್ಟು ತೋರಿಸಿದಳು. "ಇದು."

"ಇದು ಹೊಗೆಯಲ್ವಾ?"

"ಅಲ್ಲ ಕನವ್ವ. ಇದು ಅವಳು ನೀರು ತತ್ತಾ ಇರೋದು. ಇಲ್ಲಿ ಬೆಳ್ಳಗದಲ್ಲ, ಇದು ಬೀಸ್ತಾ ಇರೋದು. ಈಚೆದು ನಾನು. ಇದು ಕೊಟ್ಟಿಗೆ ಬಾಚ್ತಾ ಇರೋದು. ಇಲ್ಲಿ, ನೆಂಟರ ಹಿಂದೆ, ಎಲೆ ಎತ್ತಾ ಇರೋದು. ಅಲ್ಲಾಡ್ದೆ ನಿಂತ್ರೆ ಮಾತ್ರ ಮುಖ ಬೀಳ್ತದೆ."

ಶಿವರುದ್ರಮ್ಮ ಮತ್ತೆ ಮೊದಲಿನಿಂದ ಎಲ್ಲವನ್ನೂ ನೋಡಿದಳು. ಈಗ ಅವಳಿಗೆ ಕಾಣತೊಡಗಿತ್ತು. ಪ್ರತಿಯೊಂದರಲ್ಲೂ, ಬಾಗಿಲ ಸಂದಿಯಲ್ಲಿ, ಕಂಬದ ಹಿಂದೆ, ಒಲೆಯ ಬಾಯಲ್ಲಿ, ಮುಖವಿಲ್ಲದ ಮಗಳು ಹಾದುಹೋಗುತ್ತಿದ್ದಳು. ಒಂದರಲ್ಲಿ ಹೊಟ್ಟೆಯ ಉಬ್ಬಿನ ಸುಳಿವೂ ಇತ್ತು. ಬೆರಳು ಅಲ್ಲಿ ನಿಂತಿತು. ಆಮೇಲೆ ಅವಳು ಮೆಲ್ಲಗೆ ತಲೆಯೆತ್ತಿ ಗೋಡೆ ನೋಡಿದಳು.

"ಮತ್ತೆ ಅಲ್ಲಿ ಮಾತ್ರ ಎಂಗೆ ಅಲ್ಲಾಡ್ದೆ ಕುಂತವಳೆ?"

ಹಿತ್ತಿಲಿನಿಂದ ಬೂದಿ ಹಾಕಿ ಗಂಗಳ ಉಜ್ಜುವ ಸದ್ದು ಒಂದೇ ಸಮನೆ ಬರುತ್ತಿತ್ತು. ಸೋಮಮ್ಮ ಸುಮ್ಮನಿದ್ದರೆ ಆ ಕೈಗಳು ನಾಳೆಯೂ ಇರುತ್ತವೆ, ಮುಂದಿನ ವರ್ಷವೂ ಇರುತ್ತವೆ, ಬಾವಿಕಟ್ಟೆಯವರೆಗೂ ಇರುತ್ತವೆ. ಜಗಲಿಯಲ್ಲಿ ಅತ್ತೆ ಮಗ್ಗುಲು ಬದಲಿಸಿದಳು.

"ಅದು ಪೂಜೆ ಅಲ್ಲ ಕನವ್ವ," ಎಂದಳು ಸೋಮಮ್ಮ. "ಅದು ಆವತ್ತಿನ ದಿನ. ಹಿಂದ್ಗಡೆಯಿಂದ ನಾನೇ ಹಿಡ್ಕಂಡಿದ್ದೆ."

"ಸುಳ್ಳು. ಕಣ್ಣು ಬುಟ್ಟವಳೆ."

"ಕಣ್ಣು ಬರ್ದಿರೋದು."

ಶಿವರುದ್ರಮ್ಮ ಎದ್ದು ಫೋಟೋ ಹತ್ತಿರ ಹೋದಳು. ಅದರೊಳಗಿನ ಕಣ್ಣುಗಳನ್ನು ನೋಡಿದಳು. ತಿರುಗಿ ಸೋಮಮ್ಮನ ಕಣ್ಣುಗಳನ್ನು ನೋಡಿದಳು. ಮತ್ತೆ ಫೋಟೋ ಕಡೆಗೆ. "ನಿನ್ನೆಯಿಂದ ಅನ್ಕತಾ ಇವ್ನಿ," ಎಂದಳು, ದನಿ ಎಲ್ಲಿಂದಲೋ ಬಂದಂತೆ. "ಮೂಗು ನನ್ ಮಗಳದು, ಬಾಯಿ ನನ್ ಮಗಳದು. ನೋಟ ಯಾರ್ದು ಅಂತ. ಇವು ನಿನ್ನವು."

"ನನ್ನವೇ."

ಅವಳು ಚೀರಬಹುದೆಂದು ಸೋಮಮ್ಮ ಕಾದಳು. ಚೀರಲಿಲ್ಲ. ಫೋಟೋವನ್ನು ಇಳಿಸಿ ಮಡಿಲಲ್ಲಿ ಮಲಗಿಸಿಕೊಂಡಳು. ಚೊಂಬಿನ ನೀರಿಗೆ ಸೆರಗಿನ ತುದಿ ಅದ್ದಿ, ಹಸುಗೂಸಿನ ಕಣ್ಣಿನ ಪಿಸುರು ಒರೆಸುವವಳ ಹಾಗೆ, ಒಂದು ಕಣ್ಣನ್ನು ಒರೆಸಿದಳು. ಕರಿ ಹರಡಿತು, ಆಮೇಲೆ ಬಟ್ಟೆಗೆ ಬಂತು. ಕೆಳಗೆ ಮುಚ್ಚಿದ ರೆಪ್ಪೆ ಇತ್ತು. ಇನ್ನೊಂದನ್ನೂ ಒರೆಸಿದಳು. ಎರಡೂ ಕಣ್ಣು ಮುಚ್ಚಿದ ಮೇಲೆ ಅದು ಪೂರ್ತಿ ಅವಳ ಮಗಳಾಯಿತು. "ಮಲಿಕ್ಕೊ ನನ್ನವ್ವ," ಎಂದಳು. ಆಮೇಲೆ ಅತ್ತಳು. ದಿಬ್ಬದ ಮೇಲೆ ಬಿದ್ದು ಅತ್ತ ಹಾಗಲ್ಲ, ಬಾಯಿ ಮುಚ್ಚಿಕೊಂಡು.

ಸೋಮಮ್ಮನಿಗೆ ಬೆನ್ನ ಮೇಲಿಂದ ಏನೋ ಇಳಿದುಹೋದಂತಾಯಿತು. ಜೊತೆಗೇ ಪಡಸಾಲೆ ಬಿಕೋ ಎಂದಿತು.

"ಬಸಮ್ಮಿ, ಕೈ ತೊಳ್ಕೊ," ಎಂದು ಶಿವರುದ್ರಮ್ಮ ಹಿತ್ತಿಲಿಗೆ ಕೂಗಿದಳು. "ಓಗನ ನಡಿ."

"ಇನ್ನೂ ಗಂಗಳ ಅವೆ ಕನವ್ವ."

"ಇರ್ಲಿ ಬುಡು. ಯಾರಾದ್ರೂ ಬೆಳಗ್ತಾರೆ."

ಮಾತಿನ ಸದ್ದಿಗೆ ದೊಡ್ಡಮಲ್ಲಮ್ಮ ಎದ್ದು ಬಂದಳು. ಫೋಟೋ ನೋಡಿದಳು, ಕರಿಯಾದ ಸೆರಗು ನೋಡಿದಳು. ಬೀಗ್ತಿಯ ಕೈ ಹಿಡಿದು ಏನೋ ಹೇಳಲು ಹೋದಳು. ಶಿವರುದ್ರಮ್ಮ ಕೈ ಬಿಡಿಸಿಕೊಂಡಳು. "ನಿಮ್ ಮ್ಯಾಲೆ ಕ್ವಾಪ ಇಲ್ಲ ಬೀಗ್ತಿ. ನೀವೂ ಯಾವಾಗ್ಲೋ ಒಂದಿನ ಈ ಅಟ್ಟೀಲಿ ಇಂಗೇ ಹೊಗೆ ಆಗಿದ್ದೋರೇ. ಆದ್ರೆ ಇನ್ನೊಂದು ಕೂಸ ಕೊಡಲ್ಲ." ಬಾಗಿಲಲ್ಲಿ ನಿಂತು ಸೋಮಮ್ಮನ ಕಡೆ ತಿರುಗಿ, "ನೀನೂ ನಾಕು ದಿನ ನಮ್ಮಟ್ಟಿಗೆ ಬಾ," ಎಂದಳು. ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ತಾಯಿಯೂ ಮಗಳೂ ಬಿಸಿಲಿನಲ್ಲೇ ರಸ್ತೆಯ ಕಡೆಗೆ ನಡೆದರು.

ದೊಡ್ಡಮಲ್ಲಮ್ಮ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಇನ್ನು ಇಬ್ಬರ ಕೆಲ್ಸಾನೂ ನಿನ್ದೇ, ತಿಳ್ಕೊ," ಎಂದಳು.

"ಇಷ್ಟು ದಿನ ಇನ್ಯಾರ್ದಿತ್ತು ಅತ್ತೆ?" ಎಂದು ಸೋಮಮ್ಮ ಉಳಿದ ಗಂಗಳ ಬೆಳಗಲು ಹೋದಳು.

ದೀಪ ಹಚ್ಚುವ ಹೊತ್ತಿಗೆ ಗಂಡಸರು ಬಂದರು. ಗುರುಮಲ್ಲಯ್ಯನ ಕಂಕುಳಲ್ಲಿ ಹೊಸ ಸೀರೆಯ ಗಂಟು. ನಡೆದದ್ದನ್ನು ಕೇಳಿ ಅವನು ಗಂಟನ್ನು ಕಂಬದ ಬುಡದಲ್ಲಿಟ್ಟು ಕೊಟ್ಟಿಗೆಗೆ ಹೋಗಿ ಎತ್ತಿನ ಪಕ್ಕ ಕೂತ. ಮರಿಮಲ್ಲಪ್ಪ ಫೋಟೋವನ್ನು ದೀಪಕ್ಕೆ ಹಿಡಿದು ನೋಡಿದ. ಯುದ್ಧದಲ್ಲಿ ಅಷ್ಟೊಂದು ಹೆಣ ನೋಡಿದವನು ಈ ಮುಚ್ಚಿದ ರೆಪ್ಪೆಗಳನ್ನು ನೋಡಲಾರದವನಂತೆ ಅದನ್ನು ಕೆಳಗಿಟ್ಟ.

"ತಿರುಗಿ ಬರಿ ಮಗ," ಎಂದಳು ದೊಡ್ಡಮಲ್ಲಮ್ಮ. "ನಂಗೆ ಇಂಗೆ ನೋಡಕ್ಕಾಗಲ್ಲ."

ಅವನು ಕುಂಚ ತಂದ, ಕರಿ ಬಣ್ಣ ಕಲಸಿದ, ಹೆಂಡತಿಯ ಮುಖ ನೋಡಿದ.

"ಬರೀರಿ," ಎಂದಳು ಸೋಮಮ್ಮ. "ನನ್ನವು ಮಾತ್ರ ಬ್ಯಾಡ."

ಮರಿಮಲ್ಲಪ್ಪ ಕುಂಚ ಹಿಡಿದುಕೊಂಡೇ ತಾಯಿಯ ಕಡೆ ತಿರುಗಿದ. ದೊಡ್ಡಮಲ್ಲಮ್ಮ ಸರಕ್ಕನೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಒಳಗೆ ನಡೆದಳು. ಅವನು ಕೂತೇ ಇದ್ದ. ಬಣ್ಣ ಕುಂಚದಲ್ಲೇ ಒಣಗಿತು.